ಅಟ್ಟದ ಕಾವಲಿ ಮತ್ತೆ ಒಲೆಗೆ

ಅಜ್ಜಿಯ ಕಾಲದ ಬೀಡಿನ ಕಾವಲಿ ಅಟ್ಟದಲ್ಲಿ ತುಕ್ಕು ಹಿಡಿದು ಕೂತಿದೆಯೇ? ಗುಜರಿಗೆ ಹಾಕುವ ಮುನ್ನ ಸ್ವಲ್ಪ ತಾಳಿ. ಬಿರುಕು ಬಿಟ್ಟಿಲ್ಲವಾದರೆ ಅದಕ್ಕಿನ್ನೂ ಆಯುಸ್ಸಿದೆ.

ಬೀಡು ಎಂದರೆ ಶೇ 2ಕ್ಕಿಂತ ಹೆಚ್ಚು ಇಂಗಾಲ ಬೆರೆತ ಎರಕದ ಕಬ್ಬಿಣ. ತುಕ್ಕನ್ನು ತೆಂಗಿನ ನಾರಿನಿಂದ ಚೆನ್ನಾಗಿ ತಿಕ್ಕಿ ತೊಳೆದು, ಒಲೆಯ ಮೇಲೆ ಒಣಗಿಸಿ. ಎಣ್ಣೆಯನ್ನು ತೆಳ್ಳಗೆ ಸವರಿ ಹೊಗೆಯಾಡುವವರೆಗೆ ಕಾಯಿಸಿ. ಆರಿದ ಮೇಲೆ ಮತ್ತೆ ಹಾಗೆಯೇ, ಮೂರು ನಾಲ್ಕು ಬಾರಿ. ಎಣ್ಣೆಯ ಅಣುಗಳು ಒಂದಕ್ಕೊಂದು ಬೆಸೆದು ಗಟ್ಟಿಯಾದ ಕಪ್ಪು ಪದರವಾಗುತ್ತವೆ. ರಸಾಯನ ವಿಜ್ಞಾನದ ಪಾಠದಲ್ಲಿ ಬರುವ ಪಾಲಿಮರೀಕರಣ ಇದೇ. ದೋಸೆ ಸಲೀಸಾಗಿ ಏಳುವುದು ಈ ಪದರದಿಂದ. ನಾನ್‌ಸ್ಟಿಕ್ ತವಾದ ಲೇಪ ಹೋದರೆ ಹೊಸದನ್ನೇ ಕೊಳ್ಳಬೇಕು. ಇದಕ್ಕೆ ಮನೆಯಲ್ಲೇ ಮತ್ತೆ ಪದರ ಕೂರಿಸಬಹುದು.

ಬೀಡು ನಿಧಾನವಾಗಿ ಕಾಯುತ್ತದೆ, ಕಾದರೆ ಬೇಗ ಆರದು. ಆದ್ದರಿಂದಲೇ ಶಿಬಿರದ ಮೂರು ಕಲ್ಲಿನ ಒಲೆಯಲ್ಲಿ ಉರಿ ಏರಿಳಿದರೂ ರೊಟ್ಟಿ ಹದವಾಗಿ ಬೇಯುತ್ತದೆ. ಹೊರಲು ಮಾತ್ರ ಭಾರ. ವಾಹನ ಹೋಗುವ ಕಡೆಗಷ್ಟೇ ಒಯ್ಯುವುದು ಜಾಣತನ.

ಎರಡು ಎಚ್ಚರಿಕೆ: ಕಾದ ಕಾವಲಿಗೆ ತಣ್ಣೀರು ಸುರಿದರೆ ಸೀಳೀತು. ಹುಣಸೆ, ಟೊಮೆಟೊ ಹುಳಿಯನ್ನು ಹೆಚ್ಚು ಹೊತ್ತು ಕುದಿಸಿದರೆ ಪದರ ಹಾಳಾಗುತ್ತದೆ.

ಈ ಭಾನುವಾರ ಅಟ್ಟ ಹತ್ತಿ. ಮಗ ತಿಕ್ಕಲಿ, ಮಗಳು ಎಣ್ಣೆ ಸವರಲಿ. ದೋಸೆ ಹೊಯ್ಯುವ ಸರದಿ ಅಪ್ಪನದಾಗಲಿ.