ತರಿಭೂಮಿಯ ಸಂರಕ್ಷಣೆ ಮತ್ತು ಲೋಕಶಿಕ್ಷಣ: ಗಾಜನೂರಿನ ದೃಷ್ಟಾಂತ

ನೆಲ ನೀರುಗಳೆರಡರ ಗುಣವೂ ಬೆರೆತಿರುವ ತಾಣಗಳನ್ನು ಸಂರಕ್ಷಿಸಬೇಕೆಂಬ ಮಾತು ಈಚಿನ ವರ್ಷಗಳಲ್ಲಿ ಸಭೆಗಳಲ್ಲಿಯೂ ವಿದ್ಯಾಲಯಗಳಲ್ಲಿಯೂ ಮತ್ತೆ ಮತ್ತೆ ಕೇಳಿಬರುತ್ತಿದೆ. 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಇದರ ಸಲುವಾಗಿ ಒಡಂಬಡಿಕೆಯೊಂದು ಏರ್ಪಟ್ಟಿತು. ಭಾರತವು 1982ರಲ್ಲಿ ಅದನ್ನು ಸೇರಿತು. 1997ರಿಂದ ಆ ದಿನವನ್ನು ಜಗತ್ತಿನಾದ್ಯಂತ ಆಚರಿಸುವ ಪದ್ಧತಿಯೂ ಬೆಳೆದಿದೆ. ಆದರೂ ವಿಚಾರವು ನಮ್ಮ ಹಳ್ಳಿಗಳ ಮನಸ್ಸನ್ನು ಹೊಕ್ಕಿದೆಯೆಂದು ಹೇಳಲಾರೆವು. ಇದಕ್ಕೆ ಜನರ ಔದಾಸೀನ್ಯವೇ ಕಾರಣವೆಂದು ಭಾವಿಸುವುದು ವಾಡಿಕೆ. ಈ ಅಭಿಪ್ರಾಯವನ್ನು ನಾವು ಒಪ್ಪುವುದಿಲ್ಲ.

ಮೊದಲ ತೊಡಕು ಪದದ್ದು. ಇಂಥ ತಾಣಕ್ಕೆ ‘ಜೌಗು ಪ್ರದೇಶ’ವೆಂಬ ಹೆಸರು ಹೆಚ್ಚಾಗಿ ಬಳಕೆಯಲ್ಲಿದೆ. ಕಾಲುವೆಯ ಅಚ್ಚುಕಟ್ಟಿನಲ್ಲಿ ಬೇಸಾಯ ಮಾಡುವವನಿಗೆ ಜೌಗು ಅಥವಾ ಜವಳೆಂದರೆ ಬೆಳೆಗೆ ತಗುಲಿದ ಕೇಡು. ಸವಳು ಜವಳೆಂದು ಜೋಡಿಸಿಯೇ ಆತ ಅದನ್ನು ಹೇಳುತ್ತಾನೆ. ಬಸಿಗಾಲುವೆ ತೋಡಿ ಹೋಗಲಾಡಿಸಬೇಕಾದುದನ್ನು ಕಾಪಾಡಿರೆಂದು ಉಪದೇಶಿಸಿದರೆ ಆತ ಬೆರಗಾಗುವುದು ಸಹಜವೇ ಸರಿ. ‘ತರಿ’ಯಾದರೋ ಗೌರವದ ಮಾತು. ಕಂದಾಯದ ಲೆಕ್ಕದಲ್ಲಿ ತರಿ, ಖುಷ್ಕಿ, ಬಾಗಾಯ್ತು ಎಂಬ ಮೂರು ಬಗೆಗಳಿದ್ದು, ನೀರಿನಾಸರೆಯುಳ್ಳ ಗದ್ದೆಗೆ ತರಿಯೆಂದು ಹೆಸರು. ಈ ಕಾರಣದಿಂದ ನಾವು ಇಲ್ಲಿ ‘ತರಿಭೂಮಿ’ ಎಂಬ ಪದವನ್ನೇ, ಕೆರೆ, ಹಿನ್ನೀರು, ಹೊಳೆಯಂಚುಗಳಿಗೂ ಸಲ್ಲುವಂತೆ ಅರ್ಥವನ್ನು ಹಿಗ್ಗಿಸಿ, ಬಳಸುತ್ತೇವೆ.

ಎರಡನೆಯ ತೊಡಕು ಇದಕ್ಕಿಂತ ಗಹನವಾದುದು. ಅದನ್ನು ತಿಳಿಯಲು ಗಾಜನೂರಿಗಿಂತ ಉತ್ತಮವಾದ ದೃಷ್ಟಾಂತ ನಮ್ಮ ಸಮೀಪದಲ್ಲಿಲ್ಲ. ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ಹಾದಿಯಲ್ಲಿ ತುಂಗಾನದಿಗೆ ಇಲ್ಲಿ ಅಣೆಕಟ್ಟಿದೆ. ಇದರ ಗರಿಷ್ಠ ನೀರಿನ ಮಟ್ಟ 588.24 ಮೀಟರು, ಸಂಗ್ರಹವು 3.24 ಟಿ.ಎಂ.ಸಿ. ಮಾತ್ರ. ಲಿಂಗನಮಕ್ಕಿಯ ಸುಮಾರು 150 ಟಿ.ಎಂ.ಸಿ.ಯ ಮುಂದೆ ಇದು ಬೊಗಸೆ ನೀರು. ಆದಕಾರಣವೇ ಮುಂಗಾರಿನ ಮೊದಲ ದೊಡ್ಡ ಮಳೆಗಳಲ್ಲಿಯೇ ಇದು ತುಂಬಿ, ಬಾಗಿಲುಗಳನ್ನು ತೆರೆಯಬೇಕಾಗುತ್ತದೆ. ಹಿನ್ನೀರಿನ ದಡದಲ್ಲಿ ಸಕ್ರೆಬೈಲಿನ ಆನೆಬಿಡಾರವಿದೆ. ಹೊಳೆಯಲ್ಲಿ ಇನ್ನೂ ಮೇಲಕ್ಕೆ ಹೋದರೆ ಮಂಡಗದ್ದೆಯ ನಡುಗಡ್ಡೆ. ಅಲ್ಲಿನ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ.

ಹರಿವ ನೀರು ಹಿನ್ನೀರನ್ನು ಮುಟ್ಟಿದೊಡನೆ ಅದರ ವೇಗ ಕುಗ್ಗಿ, ಹೊತ್ತು ತಂದ ಮೆಕ್ಕಲು ಅಂಚಿನಲ್ಲಿ ತಂಗುತ್ತದೆ. ಆ ಕೆಸರಿನಲ್ಲಿ ಹುಲ್ಲು ಜೊಂಡುಗಳು ಬೇರೂರಿ, ನೀರಿನೊಡನೆ ಬಂದ ಸಾರಜನಕ ರಂಜಕಗಳ ಒಂದಂಶವನ್ನು ಹೀರಿಕೊಳ್ಳುತ್ತವೆ. ಆಳವಿಲ್ಲದ ಈ ತೆಳುನೀರೇ ಮೀನುಮರಿಗಳ ತೊಟ್ಟಿಲು. ಹಕ್ಕಿಗಳ ಮೇವೂ ಇಲ್ಲಿಯೇ. ಮೇಲಿನ ಗದ್ದೆ ತೋಟಗಳಿಂದ ಗೊಬ್ಬರದ ಸಾರ ಮಿತಿಮೀರಿ ಬಂದರೆ ತೇಲುಕಳೆ ಹಬ್ಬಿ ಬೆಳಕನ್ನು ತಡೆಯುತ್ತದೆ. ಕಳೆ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ತೀರುತ್ತದೆ. ಶಿವಮೊಗ್ಗ ನಗರವು ಕುಡಿಯುವುದು ತುಂಗೆಯ ಈ ನೀರನ್ನೇ ಎಂಬುದನ್ನು ನೆನೆದರೆ ವಿಷಯವು ಹಕ್ಕಿಗಳಿಗಷ್ಟೇ ಸೇರಿದುದಲ್ಲವೆಂದು ವಿದಿತವಾಗುತ್ತದೆ. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಹೆಮ್ಮೆಯಿಂದ ಹೇಳುವ ನಾವು ಆ ನೀರನ್ನು ಸೋಸುವ ಅಂಚನ್ನು ಗಮನಿಸುವುದು ವಿರಳ.

ಇಂಥ ತಾಣಕ್ಕೆ ಕಾನೂನಿನ ಆಶ್ರಯವೆಷ್ಟು? ರಾಮ್ಸಾರ್ ಒಡಂಬಡಿಕೆಯು ನೈಸರ್ಗಿಕವಾಗಿರಲಿ ಕೃತಕವಾಗಿರಲಿ, ನಿಂತಿರಲಿ ಹರಿಯುತ್ತಿರಲಿ, ಎಲ್ಲವನ್ನೂ ತರಿಭೂಮಿಯೆಂದೇ ಎಣಿಸುತ್ತದೆ. ಭಾರತ ಸರ್ಕಾರದ 2017ರ ನಿಯಮಗಳಾದರೋ ನದಿಯ ಪಾತ್ರವನ್ನೂ, ಭತ್ತದ ಗದ್ದೆಯನ್ನೂ, ಕುಡಿಯುವ ನೀರಿಗಾಗಿ ಅಥವಾ ನೀರಾವರಿಗಾಗಿಯೇ ಮನುಷ್ಯನು ಕಟ್ಟಿದ ಜಲಾಶಯಗಳನ್ನೂ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಗಾಜನೂರಿನದು ನದಿಯ ಪಾತ್ರ, ಕಟ್ಟಿದ್ದು ನೀರಾವರಿಗೆ, ಕುಡಿಯಲೂ ಅದೇ ನೀರು. ಸುತ್ತಲಿನ ಗದ್ದೆಗಳೂ ವ್ಯಾಖ್ಯೆಯ ಹೊರಗೇ. ಆ ಗದ್ದೆಗಳು ಅಡಕೆತೋಟಗಳಾಗಿ ಮಾರ್ಪಡುವಾಗ ತರಿಯೊಂದು ಅಳಿಯಿತೆಂದು ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ. ಕೆರೆಗಳಿಗೆ ಮಾತ್ರ 2014ರ ರಾಜ್ಯ ಅಧಿನಿಯಮವೊಂದರ ಆಸರೆಯುಂಟು.

ಮನುಷ್ಯನು ಕಟ್ಟಿದ್ದು ತರಿಭೂಮಿಯಾಗದೆಂಬ ವಾದವನ್ನು ನಮ್ಮ ನಾಡೇ ಸುಳ್ಳಾಗಿಸಿದೆ. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ರಂಗನತಿಟ್ಟಿನ ನಡುಗಡ್ಡೆಗಳು ಕಾವೇರಿಗೆ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಒಡ್ಡಿನಿಂದ ಮೈದಳೆದವು. 2024ರ ಜನವರಿಯಲ್ಲಿ ಸೇರಿದ ಮೂರರಲ್ಲಿ ಅಘನಾಶಿನಿಯ ಅಳಿವೆಯೊಂದನ್ನು ಬಿಟ್ಟರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಗದಗ ಜಿಲ್ಲೆಯ ಮಾಗಡಿಯೂ ಜನರು ಕಟ್ಟಿದ ಕೆರೆಗಳೇ. ಕೊಕ್ಕರೆಬೆಳ್ಳೂರಿನಲ್ಲಂತೂ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಆದರಿಸುತ್ತಿದ್ದರು. ಆ ಊರು ಸಮುದಾಯ ಮೀಸಲು ಎನ್ನಿಸಿಕೊಂಡದ್ದು ಬಹಳ ತಡವಾಗಿ, 2007ರಲ್ಲಿ.

ಹೀಗಿರಲು, ಗಾಜನೂರಿನಂಥ ಎಡೆಗಳಲ್ಲಿ ಲೋಕಶಿಕ್ಷಣವು ಕಾನೂನಿಗೆ ತೊಡಿಸುವ ಅಲಂಕಾರವಲ್ಲ; ಕಾನೂನಿಲ್ಲದೆಡೆಯಲ್ಲಿ ಅದೊಂದೇ ಆಸರೆ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆಯು ನದಿಯ ಮಾಲಿನ್ಯದತ್ತ ಅನೇಕರ ಗಮನ ಸೆಳೆಯಿತು. ಅಂಚಿನ ನೆಲಕ್ಕೂ ಅಂಥ ಗಮನ ದೊರೆಯಬೇಕಾದರೆ ಘೋಷಣೆಗಳಿಗಿಂತ ಲೆಕ್ಕ ಹೆಚ್ಚು ಉಪಯುಕ್ತ. ವಿದ್ಯಾರ್ಥಿಗಳು ತಮ್ಮೂರಿನ ಕೆರೆಯ ಏರಿ, ತೂಬು, ಕೋಡಿ, ಅಂಗಳಗಳ ಸ್ಥಿತಿಯನ್ನೂ, ನೀರಿನ ಮಟ್ಟ, ಕಳೆ, ಬಂದ ಹಕ್ಕಿಗಳನ್ನೂ ಆಷಾಢ, ಮಾರ್ಗಶಿರ, ಚೈತ್ರಗಳಲ್ಲಿ ಒಂದೇ ಜಾಗದಲ್ಲಿ ನಿಂತು, ಊರವರು ಹೇಳುವ ಹೆಸರುಗಳಲ್ಲಿಯೇ ಬರೆದಿಡಬಹುದು. ಮೂರು ನಾಲ್ಕು ವರ್ಷಗಳ ಇಂಥ ಬರಹವನ್ನು ಗ್ರಾಮಸಭೆಯಲ್ಲಿ ಓದಿ, ಪಂಚಾಯಿತಿಯ ಕಡತಕ್ಕೆ ಸೇರಿಸಲು ಅಧ್ಯಾಪಕರು ನೆರವಾಗಬೇಕೆಂದು ಕೋರುತ್ತೇವೆ.