ಶಿಶುಗಳ ಮೂತ್ರವ್ಯಾಧಿಯೂ ತಕ್ಕ ವೈದ್ಯರ ಶೋಧನೆಯೂ

ಮಗುವಿಗೆ ಕಿವಿ ಸೋರಿದರೆ ನೆರೆಹೊರೆಯ ಹತ್ತು ಮಂದಿ ಹತ್ತು ಮದ್ದುಗಳನ್ನು ಹೇಳುವರು. ಮೂತ್ರಕ್ಕಾಗಲಿ ಗುಹ್ಯಾಂಗಕ್ಕಾಗಲಿ ಸಂಬಂಧಿಸಿದ ತೊಂದರೆಯಾದರೆ ಮಾತ್ರ ನಮ್ಮ ಮನೆಗಳಲ್ಲಿ ಮೌನವೇ ಮದ್ದೆನಿಸಿಕೊಳ್ಳುತ್ತದೆ. ದೊಡ್ಡವನಾದರೆ ಸರಿಹೋಗುವುದೆಂದು ಅಜ್ಜಿ ಹೇಳುವಳು. ನಾಚಿಕೆಯಿಂದ ತಾಯಿ ಸುಮ್ಮನಾಗುವಳು. ಈ ಮೌನಕ್ಕೆ ಕೆಲವು ವೇಳೆ ಮಗುವು ತನ್ನ ಮೂತ್ರಪಿಂಡಗಳನ್ನೇ ತೆರಬೇಕಾಗುವುದೆಂಬುದನ್ನು ಗೃಹಸ್ಥರು ಮನಗಾಣಬೇಕು.

ಅಜ್ಜಿಯ ಮಾತು ಪೂರ್ತಿ ಸುಳ್ಳಲ್ಲ. ಐದು ವರ್ಷದೊಳಗಿನ ಮಗು ರಾತ್ರಿ ಹಾಸಿಗೆಯಲ್ಲಿ ಮೂತ್ರಮಾಡಿದರೆ ಅದು ರೋಗವಲ್ಲ. ಎಳೆಯ ಗಂಡುಮಗುವಿನ ಮುಂದೊಗಲು ಹಿಂದೆ ಸರಿಯದಿರುವುದೂ ಸಹಜವೇ. ಅದನ್ನು ಬಲವಂತದಿಂದ ಎಳೆಯಕೂಡದು. ಆದರೆ ತಾನಾಗಿ ಸರಿಹೋಗದ ತೊಂದರೆಗಳೂ ಉಂಟು. ವೃಷಣವು ಕೆಳಗಿಳಿಯದೆ ಹುಟ್ಟಿದ ಮಗುವಿಗೆ ಆರು ತಿಂಗಳೊಳಗೆ ಅದು ಇಳಿಯದಿದ್ದರೆ ಮುಂದೆ ಇಳಿಯುವುದು ಅಪರೂಪ. ಹದಿನೆಂಟು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಾಗುವುದು ಲೇಸು. ಮೂತ್ರದ್ವಾರವು ತುದಿಯಲ್ಲಿರದೆ ಕೆಳಭಾಗದಲ್ಲಿರುವ ಮಗುವಿಗೆ ಸುನ್ನತಿಯನ್ನು ಮೊದಲೇ ಮಾಡಿಸಬಾರದು. ಏಕೆಂದರೆ ದಾರಿಯನ್ನು ಸರಿಪಡಿಸಲು ವೈದ್ಯರಿಗೆ ಆ ತೊಗಲೇ ಬೇಕಾಗಬಹುದು. ಇವೆಲ್ಲಕ್ಕಿಂತ ಅಪಾಯಕರವಾದದ್ದು, ಗಂಡುಮಕ್ಕಳ ಮೂತ್ರಮಾರ್ಗದಲ್ಲಿ ಹುಟ್ಟಿನಿಂದಲೇ ಇರುವ ತೆರೆಯಂಥ ಅಡ್ಡಿ. ಕೆರೆಯ ತೂಬು ಕಟ್ಟಿದರೆ ನೀರು ಹಿಂದಕ್ಕೇರುವಂತೆ ಮೂತ್ರದ ಒತ್ತಡವು ಮೇಲಕ್ಕೇರಿ ಮೂತ್ರಪಿಂಡಗಳನ್ನು ಕೆಡಿಸುವುದು. ಮೂತ್ರವು ಧಾರೆಯಾಗಿ ಬಾರದೆ ತೊಟ್ಟಿಕ್ಕುವುದು, ಮುಕ್ಕರಿಸಿ ಅಳುವುದು, ಕಾರಣ ತಿಳಿಯದ ಜ್ವರ ಮತ್ತೆ ಮತ್ತೆ ಬರುವುದು, ಗರ್ಭಕಾಲದ ಸ್ಕ್ಯಾನಿನಲ್ಲಿ ಶಿಶುವಿನ ಮೂತ್ರಪಿಂಡ ಊದಿದಂತೆ ಕಂಡಿರುವುದು: ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು. ಹೆಣ್ಣುಮಗುವಿಗೆ ಇಂಥ ಜ್ವರ ಬಂದರೂ ಪರೀಕ್ಷೆ ಅಷ್ಟೇ ಅವಶ್ಯಕ.

ಇನ್ನು ವೈದ್ಯರ ವಿಚಾರ. ಎಂ.ಸಿಎಚ್. ಪದವಿ ಪಡೆದ ಮಕ್ಕಳ ಶಸ್ತ್ರವೈದ್ಯರಾಗಲಿ, ಯೂರಾಲಜಿಯನ್ನು ಕಲಿತು ಮಕ್ಕಳ ಚಿಕಿತ್ಸೆಯಲ್ಲಿ ವಿಶೇಷ ಅಭ್ಯಾಸ ಮಾಡಿದವರಾಗಲಿ ಇದಕ್ಕೆ ತಕ್ಕವರು. ಇಂಥವರು ಹೆಚ್ಚಾಗಿ ದೊಡ್ಡ ನಗರಗಳಲ್ಲಿಯೇ ಇರುವರು. ಹಾಗೆಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ತಾಯ್ತಂದೆಗಳು ಮೊದಲೇ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ಶೋಧನೆಯು ಊರಿನ ಮಕ್ಕಳ ವೈದ್ಯರಿಂದಲೇ ಆರಂಭವಾಗತಕ್ಕದ್ದು. ಮೂತ್ರದ ಪರೀಕ್ಷೆ, ಸ್ಕ್ಯಾನುಗಳನ್ನು ಅವರೇ ಮಾಡಿಸುವರು. ಜ್ವರಕ್ಕೆ ಆಂಟಿಬಯಾಟಿಕ್ ಕೊಡುವ ಮುನ್ನವೇ ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುವುದನ್ನು ಮರೆಯಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬಂದಾಗ ತಾಯಿಯು ನಾಚದೆ ಒಂದು ಮಾತು ಹೇಳಿದರೆ, ದೊಡ್ಡ ಆಸ್ಪತ್ರೆಗೆ ದಾರಿ ಅಲ್ಲಿಂದಲೇ ತೆರೆಯುವುದು.

ಬೆಂಗಳೂರಿಗೆ ಹೋಗಲೇಬೇಕಾದರೆ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿಯೂ, 1935ರಲ್ಲಿ ತೆರೆದ ವಾಣಿವಿಲಾಸ ಆಸ್ಪತ್ರೆಯಲ್ಲಿಯೂ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ ಮಕ್ಕಳ ಶಸ್ತ್ರಚಿಕಿತ್ಸೆಯ ವಿಭಾಗಗಳಿವೆ. ನಮ್ಮ ನಾಲ್ಕು ಊರುಗಳಿಂದ ದೂರವು ಸುಮಾರು 60ರಿಂದ 80 ಕಿಲೋಮೀಟರು. ಆದರೂ ಶಿಡ್ಲಘಟ್ಟದಲ್ಲಿ ರೇಷ್ಮೆನೂಲು ತೆಗೆಯುವವನಿಗೆ ಒಂದು ಪ್ರಯಾಣವೆಂದರೆ ಒಂದು ದಿನದ ಕೂಲಿ. ಆದುದರಿಂದ ಸಿದ್ಧರಾಗಿ ಹೊರಡತಕ್ಕದ್ದು. ಗರ್ಭಕಾಲದ ಸ್ಕ್ಯಾನು, ಹಿಂದಿನ ಪರೀಕ್ಷೆಗಳ ವರದಿ, ಕೊಟ್ಟ ಔಷಧಗಳ ಚೀಟಿ, ಇವೆಲ್ಲ ಒಂದೇ ಚೀಲದಲ್ಲಿರಲಿ. ಮಗುವು ಎಷ್ಟು ಸಲ, ಹೇಗೆ ಮೂತ್ರಮಾಡುವುದೆಂಬುದನ್ನು ಎರಡು ದಿನ ಬರೆದಿಡಿ. ಧಾರೆಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ವೈದ್ಯರಿಗೆ ಮಾತ್ರ ತೋರಿಸಿದರೆ ನೂರು ಮಾತಿಗಿಂತ ಲೇಸು. ವೈದ್ಯರನ್ನು ಪ್ರಶ್ನಿಸಲು ಅಂಜಬೇಡಿ. ಇಂಥ ಶಸ್ತ್ರಚಿಕಿತ್ಸೆಯನ್ನು ಎಷ್ಟು ಮಕ್ಕಳಿಗೆ ಮಾಡಿರುವಿರಿ, ಎಳೆಯ ಮಗುವಿಗೆ ಅರಿವಳಿಕೆ ಕೊಡುವವರು ಯಾರು, ಊರಿಗೆ ಹಿಂದಿರುಗಿದ ಮೇಲೆ ಜ್ವರ ಬಂದರೆ ಏನು ಮಾಡಬೇಕು ಎಂಬಿವನ್ನು ಕೇಳಿದರೆ ಒಳ್ಳೆಯ ವೈದ್ಯರು ಮುನಿಯುವುದಿಲ್ಲ.

ಖರ್ಚಿನ ಭಯವು ಹಲವರನ್ನು ಮನೆಯಲ್ಲಿಯೇ ಕೂರಿಸುವುದುಂಟು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವುಂಟು. ಪಡಿತರ ಚೀಟಿ, ಆಧಾರ್‌ಗಳೊಡನೆ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರವನ್ನು ಪಡೆದೇ ಹೊರಡುವುದು ಜಾಣತನ.

ಒಂದು ಎಚ್ಚರಿಕೆಯ ಮಾತು. ಹುಡುಗನಿಗೆ ವೃಷಣದಲ್ಲಿ ಥಟ್ಟನೆ ತೀವ್ರವಾದ ನೋವು ಬಂದರೆ ಅದು ತಿರುಚಿಕೊಂಡಿರಬಹುದು. ಆಗ ಉಳಿಸಿಕೊಳ್ಳಲು ದೊರೆಯುವ ಕಾಲ ಸುಮಾರು ಆರು ಗಂಟೆ ಮಾತ್ರ. ಅಂಥಾಗ ಮಕ್ಕಳ ತಜ್ಞರನ್ನೇ ಅರಸುತ್ತ ಹೊತ್ತು ಕಳೆಯದೆ, ಶಸ್ತ್ರವೈದ್ಯರಿರುವ ಅತಿ ಸಮೀಪದ ಆಸ್ಪತ್ರೆಗೆ ಅರ್ಧರಾತ್ರಿಯಾದರೂ ಹೋಗತಕ್ಕದ್ದು.

ಉಗುರಿನಿಂದ ಹೋಗುವುದಕ್ಕೆ ಕೊಡಲಿ ಹಿಡಿಯುವಂತೆ ಮಾಡಿಕೊಳ್ಳಬಾರದೆಂದು ನಮ್ಮ ಹಿರಿಯರು ಹೇಳಿರುವರು. ಈ ವಿಷಯದಲ್ಲಿ ತಕ್ಕ ವೈದ್ಯರನ್ನು ಹುಡುಕುವ ಕೆಲಸದ ಮೊದಲ ಮೆಟ್ಟಿಲು ಬೆಂಗಳೂರಿನಲ್ಲಿಲ್ಲ. ಮಗುವಿಗೆ ಸ್ನಾನಮಾಡಿಸುವ ಬಚ್ಚಲಿನಲ್ಲಿದೆ. ಅಲ್ಲಿ ಕಂಡುದನ್ನು ತಾಯಿಯು ಬಾಯಿಬಿಟ್ಟು ಹೇಳಿ, ತಂದೆಯು ಕಿವಿಗೊಟ್ಟು ಕೇಳಿದರೆ, ಉಳಿದ ದಾರಿಯು ಕಷ್ಟವಾದರೂ ಕಾಣುವ ದಾರಿಯೇ ಆಗಿರುವುದು.