ನಕ್ಷೆ ಬರೆಯುವ ತಂತ್ರಾಂಶ ಕುಸಿಯುವುದೇಕೆ?

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರನಾಗಲಿ, ಕೆ.ಆರ್. ನಗರದ ಬತ್ತದ ಗದ್ದೆಯ ಒಡೆಯನಾಗಲಿ, ಸಾಲಕ್ಕೆಂದು ಬ್ಯಾಂಕಿಗೆ ಹೋಗುವಾಗ ಕೈಯಲ್ಲಿ ಹಿಡಿದಿರಬೇಕಾದ ಕಾಗದವೊಂದುಂಟು. ಅದೇ ಪಹಣಿ. ಹಿಂದೆ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಈ ದಾಖಲೆಗಳನ್ನು ‘ಭೂಮಿ’ ಯೋಜನೆಯು ಗಣಕಯಂತ್ರಕ್ಕೆ ಒಪ್ಪಿಸಿತು. 1990ರ ದಶಕದ ಕೊನೆಯಿಂದ ಮೊದಲಾಗಿ, ರಾಜ್ಯದ ಅಂದಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ದಾಖಲೆಗಳು ಗಣಕದೊಳಗೆ ಸೇರಿದವು.

ಇಷ್ಟು ವಿವರಗಳನ್ನು ರಾಶಿ ಹಾಕಿದರೆ ಸಾಲದು. ಮನೆ ಕಟ್ಟುವ ಮೊದಲು ನಕ್ಷೆ ಬರೆಯುವಂತೆ ದತ್ತಸಂಚಯಕ್ಕೂ ನಕ್ಷೆಯೊಂದು ಬೇಕು. ವಿವರಗಳನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಇರಿಸುವ ಸಿದ್ಧಾಂತವನ್ನು 1970ರಲ್ಲಿ ಇ.ಎಫ್. ಕಾಡ್ ಮಂಡಿಸಿದರು. ಚೌಕ ಮತ್ತು ಗೆರೆಗಳಿಂದ ಇಂಥ ಸಂಬಂಧಗಳನ್ನು ಚಿತ್ರಿಸುವ ಕ್ರಮವನ್ನು 1976ರಲ್ಲಿ ಪೀಟರ್ ಚೆನ್ ವಿವರಿಸಿದರು. ಈ ಚಿತ್ರವನ್ನು ಬರೆಯಲು ಈಗ ತಂತ್ರಾಂಶಗಳೇ ಇವೆ. ಆದರೆ ಗಂಟೆಗಟ್ಟಲೆ ದುಡಿದ ಬಳಿಕ, ಉಳಿಸದ ನಕ್ಷೆಯೊಡನೆ ತಂತ್ರಾಂಶವೇ ಥಟ್ಟನೆ ಮುಚ್ಚಿಹೋದರೆ ಗತಿಯೇನು?

ಒಂದು ಉದಾಹರಣೆಯನ್ನು ನಾವೇ ಕಲ್ಪಿಸಿಕೊಳ್ಳೋಣ. ನಮ್ಮ ನಕ್ಷೆಯಲ್ಲಿ ಪ್ರತಿಯೊಂದು ಊರೂ ಒಂದು ಹೋಬಳಿಗೆ ಸೇರಿದೆ. ಪ್ರತಿಯೊಂದು ಹೋಬಳಿಯೂ ಒಂದು ತಾಲ್ಲೂಕಿಗೆ ಸೇರಿದೆ. ಎಚ್.ಡಿ. ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರ್ಪಟ್ಟು ಹೊಸ ತಾಲ್ಲೂಕುಗಳಾಗಿವೆಯಷ್ಟೆ. ಆದ್ದರಿಂದ ಪ್ರತಿ ತಾಲ್ಲೂಕಿನ ಕೇಂದ್ರಸ್ಥಾನವನ್ನೂ ನಮೂದಿಸೋಣವೆಂದು, ತಾಲ್ಲೂಕಿನ ಚೌಕದಿಂದ ಊರಿನ ಚೌಕಕ್ಕೆ ಇನ್ನೊಂದು ಗೆರೆ ಎಳೆಯುತ್ತೇವೆ. ತೊಡಕು ಹುಟ್ಟುವುದು ಇಲ್ಲಿಯೇ!

ಕೋಷ್ಟಕಗಳನ್ನು ಯಾವ ಕ್ರಮದಲ್ಲಿ ಕಟ್ಟಬೇಕೆಂದು ತಂತ್ರಾಂಶವು ಲೆಕ್ಕ ಹಾಕುತ್ತದೆ. ಊರಿಗೆ ಮೊದಲು ಹೋಬಳಿ ಬೇಕು; ಹೋಬಳಿಗೆ ಮೊದಲು ತಾಲ್ಲೂಕು ಬೇಕು; ತಾಲ್ಲೂಕಿಗೆ ಮೊದಲು ಊರು ಬೇಕು! ಗಾಣದ ಎತ್ತಿನಂತೆ ಅದು ಸುತ್ತುತ್ತಲೇ ಇರುತ್ತದೆ. ಪ್ರತಿ ಹೆಜ್ಜೆಯಲ್ಲಿಯೂ ‘ಇಲ್ಲಿಗೆ ಹಿಂದಿರುಗಬೇಕು’ ಎಂಬ ಗುರುತನ್ನು ಸ್ಮೃತಿಯ ಒಂದು ಭಾಗದಲ್ಲಿ ಒಂದರ ಮೇಲೊಂದಾಗಿ ಪೇರಿಸುತ್ತದೆ. ಆ ಜಾಗ ತುಂಬಿದೊಡನೆ ತಂತ್ರಾಂಶ ಕುಸಿಯುತ್ತದೆ.

ಕಾರಣ ತಿಳಿಯದಿದ್ದಾಗ ಹುಡುಕುವ ಬಗೆ ಹೇಗೆ? ಮೊದಲು ಕಡತದ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಬೇಕು. ಪ್ರಯೋಗವೆಲ್ಲ ಪ್ರತಿಯ ಮೇಲೆಯೇ ನಡೆಯಲಿ. ಬಳಿಕ ಯಾವ ಕೆಲಸ ಮಾಡಿದಾಗ ಕುಸಿತ ಮರುಕಳಿಸುವುದೆಂದು ಗಮನಿಸಬೇಕು. ಎರಡೇ ಚೌಕಗಳ ಹೊಸ ನಕ್ಷೆ ಅದೇ ಕೆಲಸದಲ್ಲಿ ಸುಸೂತ್ರವಾಗಿ ನಡೆದರೆ, ಸಂಶಯವು ನಮ್ಮ ನಕ್ಷೆಯತ್ತ ತಿರುಗುತ್ತದೆ. ತಂತ್ರಾಂಶ ಬರೆದಿಡುವ ಲಾಗ್ ಕಡತದಲ್ಲಿ ಅವೇ ಸಾಲುಗಳು ಮತ್ತೆ ಮತ್ತೆ ಕಂಡರೆ, ಅದು ಸುತ್ತಿಗೆ ಸಿಕ್ಕಿದೆಯೆಂದು ಊಹಿಸಬಹುದು.

ಇನ್ನೊಂದು ಉಪಾಯವೆಂದರೆ ಅರ್ಧಿಸುವುದು. 64 ಕೋಷ್ಟಕಗಳಲ್ಲಿ 32ನ್ನು ತೆಗೆದು ಪರೀಕ್ಷಿಸುವುದು. ಕುಸಿಯುವ ಅರ್ಧವನ್ನು ಮತ್ತೆ ಅರ್ಧಿಸುವುದು. ದೋಷ ಒಂದೇ ಕೋಷ್ಟಕದಲ್ಲಿದ್ದರೆ ಆರು ಸಲದಲ್ಲಿ ಅದು ಸಿಕ್ಕಿಬೀಳುತ್ತದೆ. ಎರಡು ಅರ್ಧಗಳೂ ಬೇರೆಬೇರೆಯಾಗಿ ಸರಿಯಾಗಿಯೇ ನಡೆದರೆ? ಅದೂ ಒಂದು ಸುಳಿವೇ. ದೋಷವು ಚೌಕದಲ್ಲಿಲ್ಲ, ಎರಡು ಅರ್ಧಗಳನ್ನು ಕೂಡಿಸುವ ಗೆರೆಗಳಲ್ಲಿದೆ ಎಂದು ಶಂಕಿಸಬೇಕು. ನಮ್ಮ ಉದಾಹರಣೆಯಲ್ಲಿ ಇದ್ದುದು ಅದೇ.

ಪರಿಹಾರವೋ ಸುಲಭ. ತಾಲ್ಲೂಕಿನಿಂದ ಊರಿಗೆ ಎಳೆದ ಗೆರೆಯನ್ನು ಅಳಿಸಿ, ತಾಲ್ಲೂಕನ್ನೂ ಊರನ್ನೂ ಹೆಸರಿಸುವ ‘ಕೇಂದ್ರಸ್ಥಾನ’ವೆಂಬ ಬೇರೊಂದು ಕೋಷ್ಟಕವನ್ನು ಇಟ್ಟರೆ ಸುತ್ತು ಕಡಿದುಹೋಗುತ್ತದೆ. ಆದರೂ ತಪ್ಪೆಲ್ಲ ನಮ್ಮದೆನ್ನಲಾಗದು. ಒಮ್ಮೆ ಕಂಡ ಕೋಷ್ಟಕಕ್ಕೆ ಗುರುತು ಹಾಕಿಕೊಂಡು, ‘ಇಲ್ಲಿ ಸುತ್ತು ಇದೆ’ ಎಂದು ಎಚ್ಚರಿಸುವುದು ಒಳ್ಳೆಯ ತಂತ್ರಾಂಶದ ಲಕ್ಷಣ. ಆದ್ದರಿಂದ ಕುಸಿತದ ವಿವರವನ್ನು ಅದರ ತಯಾರಕರಿಗೆ ತಿಳಿಸುವುದೂ ನಮ್ಮ ಕರ್ತವ್ಯ.

ಮುಚ್ಚಿಹೋದ ತಂತ್ರಾಂಶವನ್ನು ಮತ್ತೆ ತೆರೆಯಬಹುದು. ನಕ್ಷೆಯ ತಪ್ಪು ಕಣ್ತಪ್ಪಿ ದತ್ತಸಂಚಯಕ್ಕೆ ಇಳಿದರೆ ಮಾತ್ರ ಅದರ ಫಲವನ್ನು ಉಣ್ಣಬೇಕಾದವನು ಪಹಣಿಗಾಗಿ ಕಾದು ನಿಂತ ರೈತ.